ತುಪ್ಪದಾಳದ ಮೊಬೈಲ್ ವಾರ

ತುಪ್ಪದಾಳದ ಅಮೋಘಸಿದ್ದಪ್ಪ ಬೆಳಿಗ್ಗೆ ಏಳುವುದಕ್ಕಿಂತ ಮುಂಚೆ ಅವನ ಬಲಗೈ ಏಳುತ್ತಿತ್ತು. ಅದು ತಾನೇ ದಿಂಬಿನ ಕೆಳಗೆ ತಡಕಾಡಿ, ಮೊಬೈಲ್ ಹುಡುಕಿ, ಹೆಬ್ಬೆರಳಿನಿಂದ ತೆರೆದು, ಮೂಗಿನ ಮುಂದೆ ತಂದು ಹಿಡಿದ ಮೇಲೆ ಯಜಮಾನರು ಕಣ್ಣು ಬಿಡುತ್ತಿದ್ದರು. ಅಷ್ಟರಲ್ಲಿ ಹೆಂಡತಿ ಹನಮವ್ವ ಎಮ್ಮೆ ಹಿಂಡಿ, ಅಂಗಳ ಗುಡಿಸಿ, ಚಹಾ ಕಾಸಿ ತಂದಿರುತ್ತಿದ್ದಳು.

“ಏಳ್ರಿ, ಚಾ ಆರಾಕತ್ತೈತಿ.”

“ತಡಿ, ಒಂದು ಹಾಕಿ ಏಳ್ತೀನಿ.”

ಅವನು ಹಾಕುತ್ತಿದ್ದದ್ದು ಸ್ಟೇಟಸ್. ಮುಂಜಾನೆ ಒಂದು ದೇವರು. ಬಿಸಿಲೇರಿದ ಮೇಲೆ ಕುರಿಗಳ ನಡುವೆ ನಿಂತ ತಾನು. ಊಟವಾದ ಮೇಲೆ ಲೋಕಕ್ಕೆ ಒಂದು ಬುದ್ಧಿಮಾತು. ಸಂಜೆಗೆ ಮತ್ತೆ ತಾನು, ಈ ಸಲ ಕುರಿಗಳಿಲ್ಲದೆ. ಹಾಕುವುದೇನೋ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತಿತ್ತು. ನಿಜವಾದ ದುಡಿಮೆ ಇದ್ದದ್ದು ಯಾರು ಯಾರು ನೋಡಿದರು ಎಂದು ನೋಡುವುದರಲ್ಲಿ. ಉಣ್ಣುವಾಗ ನೋಡುತ್ತಿದ್ದ, ಕುರಿ ಮೇಯಿಸುವಾಗ ನೋಡುತ್ತಿದ್ದ, ಹೆಂಡತಿ ಬೈಯುವಾಗ ಅವಳ ಕಡೆ ಮುಖ ಇಟ್ಟುಕೊಂಡೇ ಕಣ್ಣಷ್ಟನ್ನು ಕೆಳಗಿಳಿಸಿ ನೋಡುತ್ತಿದ್ದ. ನೋಡಿದವರಲ್ಲಿ ಅವನಿಗೆ ಬೇಕಾದ ಹೆಸರು ಒಂದೇ. ಅದು ಸುಭಾಸ.

ಸುಭಾಸ ಅವನ ಬೆನ್ನಿಗೆ ಬಿದ್ದ ತಮ್ಮ. ಕಲಘಟಗಿಯಲ್ಲಿ ಗೊಬ್ಬರದಂಗಡಿ ಇಟ್ಟು, ಹೊಸ ಮನೆ ಕಟ್ಟಿ, ಗೃಹಪ್ರವೇಶಕ್ಕೆ ಅಣ್ಣನನ್ನು ಸಡಗರದಿಂದ ಕರೆಸಿದ್ದ. ಹೊಸ ಮನೆಯಲ್ಲಿ ಮೊದಲ ಆಯೇರಿ, ಅಂದರೆ ಉಡುಗೊರೆಯ ಬಟ್ಟೆ, ಹಿರಿಯಣ್ಣನ ಕೈಯಿಂದಲೇ ಬೀಳಬೇಕು. ಆಯೇರಿಯ ಹೊತ್ತಿಗೆ ಅಣ್ಣನೇ ಇಲ್ಲ. ಹುಡುಕಿದರೆ ಮಾಳಿಗೆಯ ಮೇಲೆ ನಿಂತು ಮೊಬೈಲಿಗೆ ಮನೆ ತೋರಿಸುತ್ತಿದ್ದಾನೆ. ಕೆಳಗಿನಿಂದ ಕೂಗಿದರು. “ತಡೀರೋ, ಲೈವ್ ಹೊಂಟೈತಿ!” ಎಂದ. ಎರಡನೇ ಸಲ ಕೂಗಿದಾಗ ಕೈ ಮಾಡಿ ಸುಮ್ಮನಿರಿಸಿದ. ಕೊನೆಗೆ ಸುಭಾಸನ ಹೆಂಡತಿಯ ಕಡೆಯವರೇ ಮೊದಲ ಆಯೇರಿ ಮಾಡಿ ಮುಗಿಸಿದರು. ಸುಭಾಸ ಎಲ್ಲರೆದುರು, “ನಿನಗ ತಮ್ಮಗಿಂತ ಅದೇ ಹೆಚ್ಚಾತಲ್ಲ. ಇನ್ನ ಅದರ ಜೋಡೀನೇ ಮಾತಾಡು,” ಎಂದವನು ಎರಡು ವರ್ಷವಾದರೂ ಮಾತಾಡಿರಲಿಲ್ಲ. ಆಯೇರಿಯ ಧೋತರ, ರುಮಾಲು, ಸೀರೆ ಕಟ್ಟಿದ ಗಂಟು ಹನಮವ್ವನ ಟ್ರಂಕಿನಲ್ಲಿ ಹಾಗೇ ಬಿದ್ದಿತ್ತು. ಆದರೆ ಸುಭಾಸ ಅಣ್ಣನ ಸ್ಟೇಟಸ್ಸನ್ನು ಮಾತ್ರ ಒಂದೂ ಬಿಡದೆ ನೋಡುತ್ತಿದ್ದ. ನೋಡಿ ಸುಮ್ಮನಿರುತ್ತಿದ್ದ. ಅಣ್ಣನಿಗೆ ಅಷ್ಟೇ ಉಸಿರು. ಅದಕ್ಕಾಗಿಯೇ ಮತ್ತೊಂದು ಹಾಕುತ್ತಿದ್ದ. ತಮ್ಮನನ್ನು ದೂರ ಮಾಡಿದ ಯಂತ್ರದಿಂದಲೇ ತಮ್ಮನನ್ನು ಹತ್ತಿರ ತರುವ ಈ ಉಪಾಯ ಅಮೋಘಸಿದ್ದಪ್ಪನಂಥವರಿಗೇ ಹೊಳೆಯುವುದು.

ಹೀಗಿರಲು ಪಂಚಾಯತಿಯವರು ಶಾಲೆಯಲ್ಲಿ ಒಂದು ಸಭೆ ಇಟ್ಟರು. ಧಾರವಾಡದಿಂದ ವೃಂದಾ ಎಂಬ ಮೇಡಂ ಬಂದು, ಜನರ ಮೊಬೈಲ್ ಹುಚ್ಚು ಯಾವ ಮಟ್ಟಕ್ಕೆ ಹೋಗಿದೆ ಎಂದು ಕೇಳಿ ತಿಳಿದು ಸಲಹೆ ಕೊಡುವವರಿದ್ದರು. ಹನಮವ್ವ ಗಂಡನನ್ನು ಸಂತೆಗೆ ಹೋರಿ ಎಳೆದಂತೆ ಎಳೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದಳು.

“ದಿನಾ ಎಷ್ಟು ತಾಸು ನೋಡ್ತೀರಿ ಅನ್ನೋದೊಂದೇ ಮುಖ್ಯ ಅಲ್ಲರಿ,” ಎಂದರು ವೃಂದಾ ಮೇಡಂ. “ಬಿಡಬೇಕು ಅಂದಾಗ ಬಿಡ್ಲಿಕ್ಕೆ ಬರ್ತದೋ ಇಲ್ಲೋ? ಅದರ ಸಲುವಾಗಿ ನಿದ್ದಿ, ಕೆಲಸ, ಮಂದಿ, ಏನರೆ ಕಳಕೊಂಡೀರೇನು? ಕಳಕೊಂಡ ಮ್ಯಾಲೂ ಹಂಗೇ ನಡಸೀರೇನು? ಸಾವಕಾಶ ಹೇಳ್ರಿ, ನಾಚಿಕಿ ಬ್ಯಾಡ.”

ನಾಚಿಕೆ ಯಾರಿಗಿತ್ತು? ಊರಿಗೆ ಊರೇ ಹುರುಪಿನಿಂದ ಎದ್ದು ನಿಂತಿತು. ಒಬ್ಬಳು ಹಾಲು ಉಕ್ಕಿಸಿದ್ದನ್ನು ಹೇಳಿದರೆ ಇನ್ನೊಬ್ಬಳು ಹಾಲಿನ ಜೊತೆ ಗ್ಯಾಸೂ ಮುಗಿದದ್ದನ್ನು ಹೇಳಿ ಮೇಲುಗೈ ಸಾಧಿಸಿದಳು. ಅಮೋಘಸಿದ್ದಪ್ಪನ ಪಕ್ಕದ ಮನೆಯ ಭೀಮಶಿ ಎದ್ದು, “ನಾ ರೀಲ್ಸ್ ನೋಡ್ಕೋತ ಸೈಕಲ್ ಸಮೇತ ಕಾಲುವಿಗೆ ಬಿದ್ದೀನ್ರಿ. ಬಿದ್ದಾಗೂ ಮೊಬೈಲ್ ಮ್ಯಾಲೇ ಹಿಡಿದಿದ್ದೆ,” ಎಂದು ಚಪ್ಪಾಳೆ ಗಿಟ್ಟಿಸಿದ.

ಅಮೋಘಸಿದ್ದಪ್ಪನ ಸರದಿ ಬಂತು. ಕಾಲುವೆಗೆ ಬಿದ್ದವನ ನಂತರ ಎದ್ದು ತಾನೂ ಹಾಗೇ ಎನ್ನುವುದರಲ್ಲಿ ಏನು ಮರ್ಯಾದೆ? ಅವನು ರುಮಾಲು ಸರಿಮಾಡಿಕೊಂಡ.

“ಮೊಬೈಲ್ ಅಂದ್ರ ನನಗ ಅಗದಿ ಬ್ಯಾಸರರಿ, ಮೇಡಂ. ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ.”

ಆ ಗಳಿಗೆಗೆ ಸರಿಯಾಗಿ ಅವನ ಅಂಗಿಯ ಜೇಬು ಒದರಿತು: “ಎತ್ತರಿ! ಅಮೋಘಸಿದ್ದಪ್ಪ ಮಾತಾಡಾಕತ್ತಾನ, ಎತ್ತರಿ!”

ಅದು ಅವನದೇ ದನಿ. ಫೋನು ಬಂದರೂ, ಅಲಾರಮ್ ಹೊಡೆದರೂ ತನ್ನ ದನಿಯೇ ಕೇಳಬೇಕೆಂದು ತಾನೇ ಒದರಿ ತುಂಬಿಸಿಟ್ಟಿದ್ದ. ಸಭೆ ಉಸಿರು ಹಿಡಿದು ನೋಡಿತು. ಅಮೋಘಸಿದ್ದಪ್ಪನ ಹೆಬ್ಬೆರಳು ಜೇಬಿನ ಕಡೆ ಹೊರಟಿತು, ಆದರೂ ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. “ನೋಡ್ರಿ. ಒದರವಲ್ಲದ್ಯಾಕ! ನಾ ಎತ್ತೂದಿಲ್ಲ,” ಎಂದ.

ಪಂಚಾಯತಿ ಅಧ್ಯಕ್ಷರಿಗೆ ಮೈ ಜುಮ್ಮೆಂದಿತು. ಮೇಡಂಗೆಂದು ತಂದಿದ್ದ ಸೇವಂತಿಗೆ ಹಾರವನ್ನು ಎತ್ತಿ ಸೀದಾ ಅಮೋಘಸಿದ್ದಪ್ಪನ ಕೊರಳಿಗೆ ಹಾಕಿ ಫೋಟೋ ಹೊಡೆಸಿದರು. ಗದ್ದಲದ ನಡುವೆ ಮೇಡಂ ಮೆಲ್ಲಗೆ ಕೇಳಿದರು, “ಇದರಿಂದ ಯಾರನ್ನರೆ ಕಳಕೊಂಡೀರೇನ್ರಿ, ಯಜಮಾನ್ರ?”

“ಯಾರನ್ನೂ ಇಲ್ರಿ,” ಎಂದ. ಹನಮವ್ವ ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತತೊಡಗಿದಳು.

ಒಂದೆರಡು ತಾಸು ಮೊಬೈಲ್ ಪಕ್ಕಕ್ಕಿಟ್ಟು, ಕೈ ಏನು ಬೇಡುತ್ತದೆ ನೋಡಿಕೊಳ್ಳಿ ಎಂಬುದಷ್ಟೇ ಮೇಡಂ ಕೊಟ್ಟ ಸಲಹೆ. ಆಗ ಹಿಂದಿನಿಂದ ಮೈಲಾರವ್ವ ಎದ್ದಳು. ಊರಲ್ಲಿ ಎಲ್ಲರಿಗಿಂತ ಹಿರಿಯಳು. ಅಧ್ಯಕ್ಷರಿಗೂ ಚಿಕ್ಕಂದಿನಲ್ಲಿ ಕಿವಿ ಹಿಂಡಿದವಳು.

“ಊರಿಗೆ ಬ್ಯಾನಿ ಬಂದ್ರ ನಾವೇನ ಮಾಡ್ತೇವಿ? ವಾರ ಹಿಡೀತೇವಿ. ಮಂಗಳವಾರ ಗಳೇ ಹೂಡೂದಿಲ್ಲ, ರೊಟ್ಟಿ ಬಡಿಯೂದಿಲ್ಲ. ಇದೂ ಬ್ಯಾನೀನ. ಬರೂ ಮಂಗಳವಾರ ಮೊಬೈಲ್ ವಾರ. ಸೂರ್ಯಾ ಹುಟ್ಟಿದಾಗಿಂದ ಮರುದಿನ ಹುಟ್ಟೂತನಕ ಊರಾಗ ಒಂದೂ ಇರಬಾರದು. ಹೊರಗಿಂದ ಯಾರ ಬಂದ್ರೂ ಊರ ಅಗಸಿ ಬಾಗಲದಾಗ ಕಿತ್ತಿಡಬೇಕು.”

“ಅಷ್ಟು ದೊಡ್ಡದು ಬ್ಯಾಡ್ರಿ ಅಜ್ಜಿ, ಯಾರಿಗರೆ ಅರ್ಜೆಂಟ್ ಬಂದ್ರ...” ಎಂದು ಮೇಡಂ ಶುರು ಮಾಡಿದರು. ಅದನ್ನು ಕೇಳುವವರು ಯಾರು? ಭೀಮಶಿ ಆಗಲೇ ಹಲ್ಲು ಕಿರಿಯುತ್ತ ಕೂಗಿದ: “ಎಲ್ಲಿ ಇಡೂದು? ಮಾದರಿ ಮನಿಷ್ಯಾನ ಹಗೇವಿನ್ಯಾಗ! ಏನಂತಿ ಅಮೋಘಸಿದ್ದಣ್ಣಾ?”

ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಹಳೆಯ ಕಣಜ. ಅಮೋಘಸಿದ್ದಪ್ಪನ ಅಜ್ಜ ತೋಡಿಸಿದ್ದು ಗುಡಿಯ ಮುಂದಿನ ಬಯಲಲ್ಲಿ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಕೊರಳಲ್ಲಿ ಹಾರ ಇಟ್ಟುಕೊಂಡು ಇಲ್ಲ ಎನ್ನುವುದು ಹೇಗೆ? “ಆತ್ರಿ,” ಎಂದ. ಆ ದನಿ ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

ಮಂಗಳವಾರ ಮುಂಜಾನೆ ಊರು ಹಗೇವಿನ ಸುತ್ತ ನೆರೆಯುವ ಮೊದಲು ಅಮೋಘಸಿದ್ದಪ್ಪ ದನದ ಕೊಟ್ಟಿಗೆಯಲ್ಲಿ ಕೂತು ಕೊನೆಯ ಸ್ಟೇಟಸ್ ತಯಾರಿಸಿದ. ಹಾರ ಹಾಕಿದ ಫೋಟೋ ಇತ್ತು. ಅದಕ್ಕೊಂದು ಚೌಕಟ್ಟು ಬೇಕಲ್ಲ? ಬಲೂನಿನ ಚೌಕಟ್ಟಿಗೆ ಮೊಬೈಲ್ ರೊಕ್ಕ ಕೇಳಿತು. ಪುಕ್ಕಟೆ ಸಿಕ್ಕಿದ್ದು ಎರಡೂ ಬದಿ ದೀಪ ಉರಿಯುವ, ಮೇಲಿನಿಂದ ಹೂವು ಉದುರುವ ಚೌಕಟ್ಟು. ಭಾಳ ಚೆಂದ ಕಂಡಿತು. ಅದರ ಜೊತೆ ಬಂದ ಏಕತಾರಿಯ ದನಿಯೂ ಭಕ್ತಿಪೂರ್ವಕವಾಗಿತ್ತು. ಕೆಳಗೆ ಬರೆದ: “ಎಲ್ಲಾ ಬಿಟ್ಟು ಹೊಂಟೀನಿ. ಇನ್ನ ನನಗ ಫೋನ್ ಹಚ್ಚಬ್ಯಾಡ್ರಿ. ತಪ್ಪಿದ್ರ ಕ್ಷಮಾ ಇರಲಿ. ಎಲ್ಲಾರಿಗೂ ಶರಣು.” ತಪ್ಪಿದ್ದರೆ ಎಂಬ ಮಾತು ಸುಭಾಸನಿಗೆ. ಓದಿದರೆ ಅವನಿಗಾದರೂ ತಿಳಿದೀತು ಎಂದುಕೊಂಡ.

ನಂತರ ಬುಟ್ಟಿ ಬುಟ್ಟಿ ಮೊಬೈಲುಗಳನ್ನು ಹಗ್ಗ ಕಟ್ಟಿ ಹಗೇವಿಗೆ ಇಳಿಸಿದರು. ಎಲ್ಲರೂ ಬಂದ್ ಮಾಡಿ ಹಾಕಿದರೆ ಅಮೋಘಸಿದ್ದಪ್ಪ ತನ್ನದನ್ನು ಜೀವಂತವಾಗಿಯೇ ಜಾರಿಸಿದ. ಬಂದ್ ಮಾಡುವುದೆಂದರೆ ಕೂಸಿನ ಕಣ್ಣು ಮುಚ್ಚಿದಂತೆ ಅನ್ನಿಸಿತು ಅವನಿಗೆ. ಬಾಯಿಗೆ ಕಲ್ಲು ಮುಚ್ಚಿ, ಸುತ್ತ ಮಣ್ಣು ಮೆತ್ತಿ, ಮೈಲಾರವ್ವ ಕಟ್ಟಪ್ಪಣೆ ಮಾಡಿದಳು: “ನಾಳೆ ಕಲ್ಲ ತಗದ ಕೂಡಲೇ ಯಾರೂ ಇಳೀಬಾರದು. ಒಳಗಿನ ಗಾಳಿ ಕೆಟ್ಟಿರ್ತೈತಿ, ಜೀವಾ ಹೋಗ್ತೈತಿ. ಹಗ್ಗಲೇ ಎಳೀರಿ.”

ಅಮೋಘಸಿದ್ದಪ್ಪನಿಗೆ ಊರಲ್ಲಿ ನಿಲ್ಲಲಾಗಲಿಲ್ಲ. ಕುರಿ ಹೊಡೆದುಕೊಂಡು ಎರಿ ಹೊಲದ ಕಡೆ ನಡೆದ. ಅಲ್ಲಿಯೂ ಹೆಬ್ಬೆರಳು ಸುಮ್ಮನಿರಲಿಲ್ಲ. ಒಂದು ಟಗರಿನ ಬೆನ್ನ ಮೇಲೆ ಅದು ತಾನೇ ಮೇಲಿಂದ ಕೆಳಗೆ, ಮೇಲಿಂದ ಕೆಳಗೆ ಸರಿದಾಡಿತು. ಟಗರಿಗೆ ಹಿತವಾಗಿ, ಬಿಟ್ಟರೆ ಬಂದು ಗುದ್ದತೊಡಗಿತು. ಬುತ್ತಿ ತಂದ ಹನಮವ್ವ ಗಂಡನನ್ನು ನೋಡಿ ಮುಂದೆ ಏನಾದೀತೋ ಎಂದು ಹೆದರಿ ಅಲ್ಲೇ ಕುಳಿತಳು. ಹೀಗಾಗಿ ಮನೆಗೆ ಬೀಗ ಬಿತ್ತು.

ಅತ್ತ ಲೋಕದಲ್ಲಿ ಆ ಸ್ಟೇಟಸ್ ಹರಿದಾಡುತ್ತಿತ್ತು. ಕೊರಳಿಗೆ ಹಾರ, ಎಡಬಲ ದೀಪ, ಏಕತಾರಿ, ಶರಣು! ಅಣ್ಣಿಗೇರಿಯ ಸೋದರತ್ತೆ ಎದೆ ಬಡಿದುಕೊಂಡು ಫೋನು ಹಚ್ಚಿದಳು. ನೆಲದೊಳಗೆ ಸಿಗ್ನಲ್ ಎಲ್ಲಿಯದು, ಹತ್ತಲಿಲ್ಲ. ಹನಮವ್ವನಿಗೆ ಹಚ್ಚಿದಳು. ಇಲ್ಲ. ಭೀಮಶಿ? ಇಲ್ಲ. ಅಧ್ಯಕ್ಷರು? ಇಲ್ಲ. ಮಣ್ಣಿಗೆ ಹೋಗಿರಬೇಕು ಎಲ್ಲರೂ ಎಂದು ಟೆಂಪೋ ಮಾಡಿಸಿಕೊಂಡು ಹೊರಟೇಬಿಟ್ಟಳು.

ಅಗಸಿಯಲ್ಲಿ ಮೈಲಾರವ್ವ ರೊಟ್ಟಿಬುಟ್ಟಿ ಹಿಡಿದು ಕುಳಿತಿದ್ದಳು. “ಮೊದಲ ಮೊಬೈಲ್ ಹಾಕ್ರಿ. ಮಾತು ಆಮ್ಯಾಲ.”

ದುಃಖದಲ್ಲಿ ಯಾರು ವಾದ ಮಾಡುತ್ತಾರೆ? ಎಲ್ಲರೂ ಹಾಕಿದರು.

“ಎಲ್ಲಿ ಐತಿ ಯಮ್ಮಾ?” ಎಂದು ಸೋದರತ್ತೆ ಬಿಕ್ಕಿದಳು.

“ಹಗೇವಿನ್ಯಾಗ.”

“ಹಗೇವಿನ್ಯಾಗ? ನಾವು ಬರೂತನಕನೂ ಕಾಯಲಿಲ್ಲಾ?”

“ಯಾಕ ಕಾಯಬೇಕು? ಸೂರ್ಯಾ ಹುಟ್ಟೂದರೊಳಗ ಮುಚ್ಚಬೇಕಂತ ಠರಾವ್ ಆಗಿತ್ತು.”

ಟೆಂಪೋದ ಹೆಂಗಸರು ಹಗೇವಿನ ಸುತ್ತ ಕುಳಿತು ಅಳಲು ಹಚ್ಚಿದರು. ಬೆನ್ನಿಗೆ ಹುಬ್ಬಳ್ಳಿಯ ಬೀಗರು ಬಂದರು, ಮೊಬೈಲ್ ಹಾಕಿದರು, ಅಳಲು ಕೂತರು. ಬಂದವರ ಫೋನೂ ಹತ್ತದಂತಾದಾಗ ಅವರ ಮನೆಯವರು ಗಾಬರಿಯಾಗಿ ಅವರನ್ನು ಹುಡುಕಿಕೊಂಡು ಬಂದರು. ಅವರ ಫೋನೂ ಬುಟ್ಟಿಗೆ ಬಿತ್ತು. ಅವರ ಹಿಂದೆ ಇನ್ನೊಂದು ಟ್ರ್ಯಾಕ್ಸ್ ಗಾಡಿ. ತುಪ್ಪದಾಳಕ್ಕೆ ಹೋದವರು ಮರಳಿ ಮಾತಾಡುವುದಿಲ್ಲ ಎಂಬ ಸುದ್ದಿ ನವಲಗುಂದದವರೆಗೆ ಹಬ್ಬಿತು.

ತುಪ್ಪದಾಳದವರಿಗೆ ಇದನ್ನು ನೋಡಿ ಬೆರಗು. “ನಮಗಿಂತ ಇವರ ಹುಚ್ಚು ದೊಡ್ಡದೈತಲ್ಲೋ! ಮೊಬೈಲ್ ಸಲುವಾಗಿ ಹಿಂಗ ಅಳೂದ?” ಎಂದುಕೊಂಡರು. ಭೀಮಶಿಗೆ ಕನಿಕರ ಬಂತು. ಸೋದರತ್ತೆಯ ಬಳಿ ಕುಳಿತು, “ಅಳಬ್ಯಾಡಬೇ ಅತ್ತಿ. ಒಂದಿನದ ಮಾತು. ನಾಳೆ ಮುಂಜಾನಿ ಹಗ್ಗಾ ಹಾಕಿ ಮ್ಯಾಲ ಎಳೀತೀವಿ. ಧೂಳಾ ಒರಸಿ, ಒಂದೀಟು ಬಿಸಲಿಗೆ ಹಿಡದ್ರ ಮೊದಲಿನಂಗ ಮಾತು ಶುರೂನ,” ಎಂದ.

ಸೋದರತ್ತೆ ಅವನನ್ನು ಒಂದು ಸಲ ನೋಡಿ ಹಿಂದಕ್ಕೆ ಬಿದ್ದಳು. ಅವಳ ಮುಖಕ್ಕೆ ನೀರು ಚಿಮುಕಿಸುತ್ತಿದ್ದಾಗ ಹವಾಲ್ದಾರ ಅಲ್ಲಾಭಕ್ಷ ಮೋಟರ್‌ಸೈಕಲ್ ಮೇಲೆ ಬಂದರು. ಊರಿಗೆ ಊರೇ ಫೋನ್ ಎತ್ತುತ್ತಿಲ್ಲ, ಏನೋ ಅನಾಹುತ ಆಗಿದೆ ಎಂದು ಹತ್ತಾರು ಊರುಗಳಿಂದ ಠಾಣೆಗೆ ಕರೆ ಬಂದಿದ್ದವು.

“ಮೊಬೈಲ್,” ಎಂದಳು ಅಗಸಿಯಲ್ಲಿ ಮೈಲಾರವ್ವ.

“ಆಯಿ, ನಾ ಡ್ಯೂಟಿ ಮ್ಯಾಲ ಅದೀನಿ!”

“ಸಾಲಿಗೆ ಹೋಗೂವಾಗ ನನ್ನ ಮನ್ಯಾಗ ಉಂಡ ಹೋಗ್ತಿದ್ದಿ. ಹಾಕ ಅಂದ್ರ ಹಾಕು.”

ಹವಾಲ್ದಾರರು ಸುತ್ತಲೂ ನೋಡಿ ಹಾಕಿದರು. ಹಗೇವಿನ ಬಳಿ ಬಂದು, ಲಾಠಿ ನೆಲಕ್ಕೂರಿ, “ಒಳಗ ಯಾರದಾರ?” ಎಂದು ಕೇಳಿದರು.

ಊಟದ ನಂತರದ ಬುದ್ಧಿಮಾತು ಹಾಕಲು ಅಮೋಘಸಿದ್ದಪ್ಪ ದಿನಾ ಅಲಾರಮ್ ಇಡುತ್ತಿದ್ದ ಹೊತ್ತು ಅದು. ನೆಲದ ಒಳಗಿನಿಂದ, ಬಾವಿಯಿಂದ ಬಂದಂತೆ, ದನಿ ಎದ್ದಿತು:

“ಎತ್ತರಿ! ಅಮೋಘಸಿದ್ದಪ್ಪ ಮಾತಾಡಾಕತ್ತಾನ, ಎತ್ತರಿ!”

ಅಳು ನಿಂತಿತು. ಹವಾಲ್ದಾರರ ಲಾಠಿ ಕೈಯಿಂದ ಜಾರಿತು. ಅದೇ ಹೊತ್ತಿಗೆ ಗುಂಪನ್ನು ಸೀಳಿಕೊಂಡು, ಕೈಯಲ್ಲಿ ಹೂವಿನ ಹಾರ ಹಿಡಿದು ಸುಭಾಸ ಬಂದ. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ಆ ದನಿ ಕಿವಿಗೆ ಬಿದ್ದದ್ದೇ ತಡ, ಅವನು ಹುಚ್ಚನಂತಾದ.

“ನಮ್ಮಣ್ಣ ಬದುಕ್ಯಾನ! ಜೀವಂತ ಇಳಿಸೀರೇನ್ರೋ ಪಾಪಿಗಳಿರಾ! ಯಣ್ಣಾ, ಬಂದೆ! ಬಂದ್ನೋ!”

ಮಣ್ಣು ಕೆದರಿ, ಕಲ್ಲಿಗೆ ಕೈ ಹಚ್ಚಿ ಒಬ್ಬನೇ ಪಕ್ಕಕ್ಕೆ ಉರುಳಿಸಿಬಿಟ್ಟ. ಕಪ್ಪು ಬಾಯಿ ತೆರೆದುಕೊಂಡಿತು. “ಗಾಳಿ ಕೆಟ್ಟೈತೋ! ಹಿಡೀರಿ ಅವನ್ನ!” ಎಂದು ಮೈಲಾರವ್ವ ಅಗಸಿಯಿಂದಲೇ ಕಿರುಚಿದಳು. ಭೀಮಶಿ ಸೊಂಟ ಹಿಡಿದ, ಹವಾಲ್ದಾರರು ಭೀಮಶಿಯನ್ನು ಹಿಡಿದರು, ಅವರನ್ನು ಅಧ್ಯಕ್ಷರು ಹಿಡಿದರು. ಆದರೂ ಸುಭಾಸನ ಒಂದು ಕಾಲು ಒಳಗೆ ಇಳಿದಿತ್ತು.

“ಸುಭಾಸಾ! ಇಳೀಬ್ಯಾಡಲೇ! ನಾ ಇಲ್ಲೇ ಅದೀನಿ!”

ಊರಿನ ಗದ್ದಲ ಕೇಳಿ ಹೊಲದ ದಾರಿಯಿಂದ ಅಮೋಘಸಿದ್ದಪ್ಪ ಓಡಿಬರುತ್ತಿದ್ದ, ಬೆನ್ನ ಹಿಂದೆ ಆ ಟಗರು, ಅದರ ಹಿಂದೆ ಹನಮವ್ವ. ಸತ್ತವನು ಓಡಿಬರುವುದನ್ನು ಕಂಡು ಅಣ್ಣಿಗೇರಿಯವರು ಟೆಂಪೋ ಹತ್ತಿದರು, ಹುಬ್ಬಳ್ಳಿಯ ಬೀಗರು ಗುಡಿ ಹೊಕ್ಕರು, ಅಧ್ಯಕ್ಷರು ಹವಾಲ್ದಾರರನ್ನು ಬಿಟ್ಟು ಗಿಡ ಹತ್ತಿದರು. ಸುಭಾಸ ಮಾತ್ರ ಓಡಲಿಲ್ಲ. ಕಾಲು ಮೇಲಕ್ಕೆಳೆದುಕೊಂಡು, ನಿಂತು, ಅಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೈಯಲ್ಲಿದ್ದ ಹಾರದಿಂದಲೇ ಬಾರಿಸತೊಡಗಿದ.

“ಹಾರಾ ಹಾಕ್ಕೋತಿ? ದೀಪಾ ಹಚ್ಚಕೋತಿ? ಕಲಘಟಗಿಯಿಂದ ಇಲ್ಲೀತನಕ ಅತ್ತಕೋತ ಬಂದೀನಲೋ! ಮಾತಾಡಲಿಲ್ಲಲ್ಲಾ, ಮಾತಾಡಲಾರದ ಹೋದನಲ್ಲಾ ಅಂತ...”

ಹೂವು ಉದುರಿ ದಾರ ಉಳಿಯುವವರೆಗೆ ಹೊಡೆದ. ಆಮೇಲೆ ಅಣ್ಣನ ಎದೆಗೆ ಬಿದ್ದು ಅತ್ತ. ಅಮೋಘಸಿದ್ದಪ್ಪನೂ ಅತ್ತ. ಅವನಿಗೆ ಇಷ್ಟು ಸಂತೋಷ ಕುರಿ ಅವಳಿ ಈದಾಗಲೂ ಆಗಿರಲಿಲ್ಲ. ಹನಮವ್ವ ಮನೆಗೆ ಓಡಿ, ಟ್ರಂಕು ತೆರೆದು, ಎರಡು ವರ್ಷದ ಗಂಟು ತಂದು ಗಂಡನ ಕೈಗಿಟ್ಟಳು. ಹಗೇವಿನ ದಂಡೆಯ ಮೇಲೆಯೇ ಅಮೋಘಸಿದ್ದಪ್ಪ ತಮ್ಮನಿಗೆ ರುಮಾಲು ಸುತ್ತಿದ, ಧೋತರ ಹೊದಿಸಿದ, ಅವನ ಹೆಂಡತಿಗೆಂದು ತಂದ ಸೀರೆಯನ್ನು ಹೆಗಲ ಮೇಲಿಟ್ಟ.

“ತಡಾ ಆತಪಾ ಸುಭಾಸಾ. ತಪ್ಪಾತು.”

“ಆಹಾ! ಯಾರರೆ ಒಂದು ಫೋಟೋ ಹೊಡೀರಲೇ!” ಎಂದು ಭೀಮಶಿ ಕೂಗಿದ.

ಬಯಲಲ್ಲಿದ್ದ ಎಲ್ಲ ಕೈಗಳೂ ಒಮ್ಮೆಲೇ ಜೇಬಿಗೆ, ಸೊಂಟಕ್ಕೆ, ಕುಪ್ಪಸಕ್ಕೆ ಹೋಗಿ ಬರಿದೇ ತಟ್ಟಿಕೊಂಡವು. ಹವಾಲ್ದಾರರು ನಾಲ್ಕೂ ಜೇಬು ನೋಡಿಕೊಂಡರು. ಗಿಡದ ಮೇಲೆ ತಡಕಾಡಲು ಹೋಗಿ ಅಧ್ಯಕ್ಷರು ಕೆಳಗೆ ಬಿದ್ದರು. ಸುದ್ದಿ ತಿಳಿದು ಧಾರವಾಡದಿಂದ ಧಾವಿಸಿ ಬಂದಿದ್ದ ವೃಂದಾ ಮೇಡಂ, ಅಗಸಿಯಲ್ಲಿ ತಮ್ಮದನ್ನೂ ಹಾಕಿ ಬಂದವರು, ತಮ್ಮ ಕೈ ಚೀಲದೊಳಗೆ ಹೋಗಿದ್ದನ್ನು ಕಂಡು ನಕ್ಕುಬಿಟ್ಟರು.

“ನನ್ನ ಕೈನೂ ಹೋತು ನೋಡ್ರಿ! ಯಜಮಾನ್ರ, ಮೊನ್ನೆ ಕೇಳಿದ್ದನ್ನ ಮತ್ತೊಮ್ಮೆ ಕೇಳ್ಲೇನು?”

“ಬ್ಯಾಡ್ರಿ, ನಾನೇ ಹೇಳ್ತೀನಿ. ಮೊನ್ನೆ ಹೇಳಿದ್ದು ಅಷ್ಟೂ ಸುಳ್ಳರಿ. ಹಗಲೆಲ್ಲಾ ಅದರಾಗೇ ಇರ್ತೀನಿ. ಕಳಕೊಂಡಿದ್ದು ಇವನ್ನ. ಅದರಾಗ ಹುಡುಕಾಕತ್ತಿದ್ದೂ ಇವನ್ನೇರಿ.”

ಮೇಡಂ ತಲೆಯಾಡಿಸಿ, ಧಾರವಾಡಕ್ಕೆ ಬಂದು ತಮ್ಮನ್ನು ಕಾಣಬೇಕೆಂದೂ, ಒಮ್ಮೆಗೇ ಬಿಡುವ ಸಾಹಸ ಬೇಡ, ದಿನಾ ಒಂದಿಷ್ಟು ಹೊತ್ತು ಪಕ್ಕಕ್ಕಿಡುವ ರೂಢಿ ಮಾಡಿಕೊಳ್ಳಬೇಕೆಂದೂ ಹೇಳಿದರು. ಹನಮವ್ವ ತಾನೇ ಕರೆತರುವುದಾಗಿ ಒಪ್ಪಿಕೊಂಡಳು. ಬುಟ್ಟಿಯ ಮೊಬೈಲುಗಳನ್ನು ಮಾತ್ರ ಮೈಲಾರವ್ವ ಯಾರಿಗೂ ಕೊಡಲಿಲ್ಲ. ಹವಾಲ್ದಾರರೊಬ್ಬರಿಗೆ ಕೊಟ್ಟಳು, ಅದೂ ಊರ ಹೊರಗೆ ನಿಂತು ಠಾಣೆಗೆ ಮಾತಾಡಿ ಬರಬೇಕೆಂಬ ಕರಾರಿನ ಮೇಲೆ. ಉಳಿದವರೆಲ್ಲ ಅಲ್ಲೇ ಉಳಿದರು. ವಾರದ ದಿನ ರೊಟ್ಟಿ ಬಡಿಯುವಂತಿಲ್ಲವಾದ್ದರಿಂದ ದೊಡ್ಡ ಹಂಡೆಯಲ್ಲಿ ಗೋಧಿ ಹುಗ್ಗಿ ಬೇಯಿಸಿದರು. ಮಣ್ಣಿಗೆಂದು ಬಂದವರು ಸತ್ತವನ ಕೈಯಿಂದಲೇ ಬಡಿಸಿಕೊಂಡು, ಇನ್ನಷ್ಟು ತುಪ್ಪ ಹಾಕು ಎಂದು ಗದರಿಸಿ ಉಂಡರು.

ಮರುದಿನ ಸೂರ್ಯ ಹುಟ್ಟಿದ ಮೇಲೆ ಬುಟ್ಟಿಗಳು ಹಗ್ಗದಿಂದ ಮೇಲೆ ಬಂದವು. ಅಮೋಘಸಿದ್ದಪ್ಪ ತನ್ನದನ್ನು ಚಾರ್ಜಿಗಿಟ್ಟು ಕಟ್ಟೆಯ ಮೇಲೆ ಕುಳಿತ. ಅದು ಕಣ್ಣು ಬಿಟ್ಟದ್ದೇ ತಡ, ನಿನ್ನೆ ಹತ್ತದೆ ಹೋದ ಕರೆಗಳ ಸುದ್ದಿ ಒಂದರ ಹಿಂದೊಂದು ಬೀಳತೊಡಗಿತು. ಸುಭಾಸ. ಸುಭಾಸ. ನಡುವೆ ಸೋದರತ್ತೆ, ಮತ್ತೆ ಸುಭಾಸ. ಹೆಬ್ಬೆರಳಿನಿಂದ ಎಷ್ಟು ಸರಿಸಿದರೂ ಅದೇ ಹೆಸರು ಬರುತ್ತಿತ್ತು. ಅವನು ಸರಿಸುತ್ತಲೇ ಇದ್ದ.

ಚಹಾ ತಂದ ಹನಮವ್ವ ಬೈಯಲು ಬಾಯಿ ತೆರೆದವಳು, ಬಗ್ಗಿ ನೋಡಿ, ಎರಡು ಬಟ್ಟಲು ಇಟ್ಟು ಹೋದಳು.

ಎರಡನೇ ಬಟ್ಟಲು ಸುಭಾಸನದು. ಅವನು ಹೊಸ ಧೋತರದಲ್ಲೇ ಮಲಗಿ ಎದ್ದು ಬಂದು ಅಣ್ಣನ ಬಗಲಿಗೆ ಕುಳಿತಿದ್ದ. ಒಂದು ಗುಟುಕು ಕುಡಿದ, ಅಣ್ಣನ ಕಡೆ ನೋಡಿದ, ಇನ್ನೊಂದು ಗುಟುಕು ಕುಡಿದ. ಕೊನೆಗೆ ಮೊಣಕೈಯಿಂದ ತಿವಿದ.

“ನಾ ಬಾಜೂಕ ಕುಂತೀನಲ್ಲೋ ಯಣ್ಣಾ. ಅದರಾಗೇನ ನೋಡ್ತಿ?”

ಅಮೋಘಸಿದ್ದಪ್ಪ ಮೊಬೈಲನ್ನು ಕಟ್ಟೆಯ ಮೇಲೆ ಬೋರಲು ಹಾಕಿ ಚಹಾದ ಬಟ್ಟಲು ಎತ್ತಿಕೊಂಡ.